ಸುಣ್ಣಕಲ್ಲಿನ ನಾಡಿನ ನೀರು

ನಾಡಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅರಸರ ವಂಶಾವಳಿಯಿಂದ ತೊಡಗುತ್ತಾರೆ. ಶಾಸನ, ನಾಣ್ಯ, ಕಾವ್ಯ, ಪ್ರವಾಸಿಗಳ ಬರವಣಿಗೆ ಇವು ಅವರ ಆಧಾರಗಳು. ಅವು ಬೇಕೇಬೇಕು. ಆದರೆ ಒಂದು ಸೀಮೆಯ ಜನ ತಲೆತಲಾಂತರದಿಂದ ಕುಡಿದ ನೀರೂ ಅವರ ಚರಿತ್ರೆಗೆ ಒಂದು ಆಧಾರವೇ. ಊರನ್ನು ಎಲ್ಲಿ ಕಟ್ಟಿದರು, ಬೇಳೆಯನ್ನು ಯಾವ ನೀರಿನಲ್ಲಿ ಬೇಯಿಸಿದರು, ತಲೆಗೂದಲನ್ನು ಯಾವುದರಿಂದ ತೊಳೆದರು, ಯಾವ ಬಾವಿಗೆ ಸೀನೀರ ಬಾವಿಯೆಂದು ಹೆಸರಿಟ್ಟರು ಎಂಬುದೆಲ್ಲ ನೀರಿನ ಗುಣವನ್ನು ಅನುಸರಿಸಿಯೇ ನಡೆದಿದೆ. ಈ ಮಾತಿಗೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಈ ಊರುಗಳ ಹೊಸ ಮನೆಗಳಲ್ಲಿ, ಮಾಳಿಗೆಯ ಮೇಲಿನ ನೀರಿನ ತೊಟ್ಟಿಯ ಪಕ್ಕಕ್ಕೆ, ಆಳೆತ್ತರದ ಒಂದು ಉರುಟು ಪಾತ್ರೆ ಈಗ ಕಾಣಿಸಿಕೊಳ್ಳುತ್ತಿದೆ. ಅದರ ಬದಿಯಲ್ಲಿ ಉಪ್ಪು ತುಂಬುವ ಇನ್ನೊಂದು ಡಬ್ಬಿ. ಗಡಸು ನೀರನ್ನು ಮೆದುಮಾಡುವ ಉಪಕರಣ ಇದು. ಅಂಗಡಿಯ ಮಾತಿನಲ್ಲಿ ವಾಟರ್ ಸಾಫ್ಟನರ್. ಇದನ್ನು ಕೊಳ್ಳಬೇಕೆ, ಬೇಡವೆ ಎಂಬುದು ಮೇಲುನೋಟಕ್ಕೆ ಸಂಸಾರಸ್ಥರ ಪ್ರಶ್ನೆ. ಸ್ವಲ್ಪ ಕೆದಕಿ ನೋಡಿದರೆ ಅದರ ಹಿಂದೆ ಒಂದು ದೀರ್ಘವಾದ ಕಥೆಯಿದೆ. ಆ ಕಥೆಯನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಮೊದಲು ನೆಲದ ಮಾತು. ಭೀಮಾ ಕಣಿವೆಯಲ್ಲಿ ಹಾಸಿಕೊಂಡಿರುವ ಸುಣ್ಣಕಲ್ಲಿನ ಪದರಗಳು ಬಹು ಪ್ರಾಚೀನವಾದವು. ನೆಲದ ಮೇಲೆ ಮರಗಿಡಗಳು ಹುಟ್ಟುವುದಕ್ಕೂ ಬಹಳ ಹಿಂದೆ ಇಲ್ಲಿ ಆಳವಿಲ್ಲದ ಕಡಲೊಂದಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಹಾಳೆಯ ಮೇಲೆ ಹಾಳೆಯಾಗಿ ಕೂಡುತ್ತ ಕಲ್ಲಾಯಿತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ವರದಿಯಲ್ಲಿ ಈ ಶಿಲಾಸರಣಿಯನ್ನು ವಿವರಿಸಿದ್ದಾನೆ. ಭೀಮೆಯ ಹೆಸರೇ ಅದಕ್ಕೆ ನಿಂತಿತು. ನಮ್ಮ ಜನಕ್ಕೆ ಮಾತ್ರ ಅದು ಶಹಾಬಾದ್ ಕಲ್ಲು, ಇಲ್ಲವೆ ಫರಸಿ. ಉಳಿಯಿಟ್ಟು ತಟ್ಟಿದರೆ ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುವ ಈ ಕಲ್ಲು ಹೈದರಾಬಾದಿನಿಂದ ಸೊಲ್ಲಾಪುರದವರೆಗೆ ಎಷ್ಟೋ ಮನೆಗಳ ನೆಲವಾಗಿದೆ. ಚಿಂಚೋಳಿಯ ಕಡೆಗೆ ಹೋದಂತೆ ನೆಲ ಬದಲಾಗುತ್ತದೆ. ಅಲ್ಲಿ ಕಪ್ಪು ಅಗ್ನಿಶಿಲೆ, ಅದರ ಮೇಲೆ ಕೆಂಪು ಜಂಬಿಟ್ಟಿಗೆ, ಗುಡ್ಡ, ಕಾಡು. ಜಂಬಿಟ್ಟಿಗೆಯ ನೆಲದಲ್ಲಿ ಇಳಿದ ನೀರಿಗೆ ಕರಗಿಸಿಕೊಳ್ಳಲು ಸುಣ್ಣ ಹೆಚ್ಚು ಸಿಗುವುದಿಲ್ಲ. ಆದ್ದರಿಂದ ಈ ಐದು ಊರುಗಳ ನೀರು ಒಂದೇ ಬಗೆಯದೆಂದು ತಿಳಿಯುವಂತಿಲ್ಲ. ಒಂದೇ ತಾಲೂಕಿನಲ್ಲಿ ಎರಡು ರುಚಿಯ ನೀರು ಸಿಗುವುದು ಇಲ್ಲಿ ಸೋಜಿಗವೇನೂ ಅಲ್ಲ.

ಕಲ್ಲು ನೀರಿಗೆ ಇಳಿಯುವುದು ಹೇಗೆ? ಮಳೆಯ ಹನಿ ಗಾಳಿಯಲ್ಲಿ ಬೀಳುವಾಗಲೂ, ಆಮೇಲೆ ಬೇರು ಹಬ್ಬಿದ ಮಣ್ಣಿನಲ್ಲಿ ಇಂಗುವಾಗಲೂ ಇಂಗಾಲಾಮ್ಲದ ಅನಿಲವನ್ನು ಹೀರಿಕೊಳ್ಳುತ್ತದೆ. ಹಾಗೆ ತುಸು ಹುಳಿಯಾದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಹಾಯುತ್ತ ಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಬಾವಿಯಲ್ಲಿ ಅದು ತಿಳಿಯಾಗಿಯೇ ಕಾಣುತ್ತದೆ. ಹಂಡೆಯಲ್ಲಿ ಕಾಯಿಸಿದಾಗ ಅನಿಲ ಹಾರಿಹೋಗಿ, ಕರಗಿದ ಕಲ್ಲು ಮತ್ತೆ ಕಲ್ಲಾಗಿ ಹಂಡೆಯ ಒಳಮೈಗೆ ಅಂಟುತ್ತದೆ. ಬಚ್ಚಲಿನ ಹಂಡೆಯಲ್ಲಿ ನಾವು ಕಾಣುವ ಬಿಳಿಯ ಪೊರೆ ಮನೆಯ ನೆಲಕ್ಕೆ ಹಾಸಿದ ಫರಸಿಯ ದಾಯಾದಿಯೇ. ಕಾಯಿಸಿದರೆ ಹೋಗುವ ಈ ಗಡಸುತನಕ್ಕೆ ತಾತ್ಕಾಲಿಕವೆಂದೂ, ಕಾಯಿಸಿದರೂ ಹೋಗದ ಗಂಧಕಾಮ್ಲದ ಮತ್ತು ಕ್ಲೋರೈಡಿನ ಲವಣಗಳಿಂದಾದ ಗಡಸುತನಕ್ಕೆ ಶಾಶ್ವತವೆಂದೂ ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ.

ಶಾಸ್ತ್ರಜ್ಞರು ಹೆಸರಿಡುವುದಕ್ಕೆ ಮೊದಲೇ ಜನರಲ್ಲಿ ಹೆಸರುಗಳಿದ್ದುವು. ಸೀನೀರು, ಸಪ್ಪೆ ನೀರು, ಉಪ್ಪು ನೀರು, ಸವಳು ನೀರು: ಇವೆಲ್ಲ ನಾಲಗೆಯಿಂದ ಹುಟ್ಟಿದ ವರ್ಗೀಕರಣ. ‘ಗಡಸು’ ಎಂಬುದು ಕೈಯಿಂದ, ಅಂದರೆ ಸ್ಪರ್ಶದಿಂದ ಬಂದ ಮಾತು. ನೀರಿಗೆ ಅದನ್ನು ಹಚ್ಚಿದ್ದು ಪಠ್ಯಪುಸ್ತಕದವರು. ನಮ್ಮ ಹೆಣ್ಣುಮಕ್ಕಳು ಇವೆರಡಕ್ಕಿಂತ ಖಚಿತವಾದ ಇನ್ನೊಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದರು. “ಈ ನೀರಾಗ ಬ್ಯಾಳಿ ಬೇಯಂಗಿಲ್ಲ” ಎಂದು ನಮ್ಮ ಅವ್ವ ಒಂದು ಬಾವಿಯನ್ನು ತಳ್ಳಿಹಾಕಿದರೆ ಅದಕ್ಕೆ ಮೇಲ್ಮನವಿಯಿರಲಿಲ್ಲ.

ಆ ಮಾತಿನಲ್ಲಿ ಇರುವ ರಸಾಯನಶಾಸ್ತ್ರ ದೊಡ್ಡದು. ತೊಗರಿಯ ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಬೇಯಿಸುವುದೆಂದರೆ ಆ ಅಂಟನ್ನು ಬಿಡಿಸುವುದು. ನೀರಿನಲ್ಲಿರುವ ಸುಣ್ಣದ ಅಂಶ ಆ ಪೆಕ್ಟಿನ್ನಿನೊಡನೆ ಸೇರಿ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಗಂಟೆಗಟ್ಟಲೆ ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯನ್ನು ದೇಶವೆಲ್ಲ ಕೊಂಡಾಡುತ್ತದೆ. ಅದನ್ನು ಬೆಳೆಯುವ ನೆಲದ ಬಾವಿಯ ನೀರೇ ಅದನ್ನು ಬೇಯಗೊಡದು! ಬೇಳೆಗೆಂದು ಹೊಳೆಯಿಂದ ಒಂದು ಕೊಡ, ದೂರದ ಸೀನೀರ ಬಾವಿಯಿಂದ ಒಂದು ಕೊಡ ಬೇರೆಯಾಗಿ ತರುವುದು ಹೆಣ್ಣುಮಕ್ಕಳ ದಿನದ ಕೆಲಸದಲ್ಲಿ ಸೇರಿತ್ತು. ಆ ಕೊಡ ಸಿಗದ ದಿನ ಚಿಟಿಕೆ ಸೋಡಾ. ಆಮೇಲೆ ಬಂದ ಪ್ರೆಷರ್ ಕುಕ್ಕರ್ ಈ ಸಮಸ್ಯೆಯನ್ನು ಬಗೆಹರಿಸಲಿಲ್ಲ. ಉಗಿಯ ಒತ್ತಡದಿಂದ ಅದನ್ನು ಮರೆಮಾಡಿತು, ಅಷ್ಟೆ.

ಸ್ನಾನದ ವಿಚಾರವೂ ಹೀಗೆಯೇ. ಸಾಬೂನು ಗಡಸು ನೀರಿನಲ್ಲಿ ನೊರೆಗಟ್ಟುವುದಿಲ್ಲ. ಸಾಬೂನಿನ ಕೊಬ್ಬಿನಾಮ್ಲ ಸುಣ್ಣದೊಡನೆ ಕೂಡಿ ಬೂದುಬಣ್ಣದ ಜಿಡ್ಡಾಗಿ ಮೈಗೂ ಬಟ್ಟೆಗೂ ಹತ್ತುತ್ತದೆ. ಅಂಟುವಾಳ, ಸೀಗೆ ಇವುಗಳ ನೊರೆ ಬೇರೊಂದು ಪದಾರ್ಥದ್ದು. ಸುಣ್ಣ ಅದನ್ನು ಕೆಡಿಸಲಾರದು. ಇದನ್ನು ನೋಡಿದರೆ, ಸಾಬೂನು ಬರುವ ತನಕ ನೀರಿನ ಗಡಸುತನ ಅಡುಗೆಮನೆಯ ತೊಡಕಾಗಿತ್ತೇ ಹೊರತು ಬಚ್ಚಲಿನ ತೊಡಕಾಗಿರಲಿಲ್ಲ ಎಂದು ಹೇಳಬಹುದು. ನಾಗರಿಕತೆಯ ಒಂದೊಂದು ಹೆಜ್ಜೆಯೂ ಹಳೆಯ ನೀರಿನಲ್ಲಿ ಹೊಸದೊಂದು ದೋಷವನ್ನು ಕಂಡುಹಿಡಿಯುತ್ತದೆ.

ಈಗ ಚರಿತ್ರೆಯ ದೊಡ್ಡ ಹೆಸರುಗಳನ್ನು ಈ ನೀರಿನ ಪಕ್ಕದಲ್ಲಿಟ್ಟು ನೋಡೋಣ. ಚಿತ್ತಾಪುರ ತಾಲೂಕಿನ ಸನ್ನತಿ ಭೀಮೆಯ ದಂಡೆಯಲ್ಲಿದೆ. ಅದರ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ದೊರೆತ ಬೌದ್ಧ ಸ್ತೂಪದ ಶಿಲ್ಪಫಲಕಗಳು ಸುಣ್ಣಕಲ್ಲಿನವು. ಅಶೋಕನ ಹೆಸರನ್ನು ಕೊರೆದ ಆತನ ಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಚಿತ್ತಾಪುರಕ್ಕೆ ಹೊಂದಿರುವ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಅಲ್ಲಿನ ಶಾಸನ ವೇದಶಾಸ್ತ್ರಗಳ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಹೇಳಿ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಹೆಸರಿಸುತ್ತದೆ. ಗ್ರಂಥಪಾಲಕರಿಗೆ ವೃತ್ತಿ ಬಿಟ್ಟ ನಾಡು ಇದು.

ಇನ್ನು ಸೇಡಂ ತಾಲೂಕಿನ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದ ಕಾಲದಲ್ಲಿ ಕವಿರಾಜಮಾರ್ಗ ಹುಟ್ಟಿತು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹ, ಶಾಕಟಾಯನನ ವ್ಯಾಕರಣ ಇದೇ ಕಾಲದವು. ಹತ್ತನೆಯ ಶತಮಾನದಲ್ಲಿ ಪುಷ್ಪದಂತನು ಅಪಭ್ರಂಶದ ಮಹಾಪುರಾಣವನ್ನು ಈ ಊರಿನಲ್ಲಿದ್ದು ರಚಿಸಿದ. 972ರಲ್ಲಿ ಪರಮಾರ ಸೀಯಕನ ದಾಳಿಗೆ ಸಿಕ್ಕಿ ರಾಜಧಾನಿ ಸೂರೆಹೋಯಿತು. ಕವಿರಾಜಮಾರ್ಗಕಾರನು ಕನ್ನಡನಾಡಿನ ಎಲ್ಲೆಯನ್ನು ಹೇಳುವಾಗ ಎರಡು ನದಿಗಳ ಹೆಸರು ಹಿಡಿದನೆಂಬುದು ಪ್ರಸಿದ್ಧ ಸಂಗತಿ. ಅಂತಹ ರಾಜಧಾನಿ ನಿಂತದ್ದೂ ನದಿಯ ದಂಡೆಯಲ್ಲಿಯೇ. ಕಾಗಿಣಾ ನದಿಗೆ ಆತುಕೊಂಡೇ ಮಳಖೇಡದ ಕೋಟೆ ಇದೆ.

ದಂಡೆಯನ್ನು ಆರಿಸಲು ರಕ್ಷಣೆ, ವ್ಯಾಪಾರ, ಬೇಸಾಯ ಎಲ್ಲವೂ ಕಾರಣವಾಗಿರಬಹುದು. ಆದರೆ ಸುಣ್ಣಕಲ್ಲಿನ ನಾಡಿನಲ್ಲಿ ಹೊಳೆಗೆ ಇನ್ನೊಂದು ಬೆಲೆಯೂ ಉಂಟು. ಮಳೆಗಾಲದ ಹೊಳೆಯಲ್ಲಿ ಹರಿಯುವುದು ಹೆಚ್ಚಾಗಿ ನೆಲದ ಮೇಲೆಯೇ ಓಡಿಬಂದ ನೀರು. ಕಲ್ಲಿನೊಡನೆ ಅದಕ್ಕೆ ದೀರ್ಘ ಸಹವಾಸವಿಲ್ಲ. ಬೇಸಗೆಯಲ್ಲಿ ಬಂಡೆಯ ಸಂದುಗಳಿಂದ ಜಿನುಗುವ ನೀರೇ ಹೊಳೆಯನ್ನು ಬದುಕಿಸುವುದರಿಂದ ಆಗ ಅದೂ ಗಡಸಾಗುತ್ತದೆ. ಅಂತೂ ಬಾವಿಯ ನೀರಿಗೂ ಹೊಳೆಯ ನೀರಿಗೂ ಇರುವ ಅಂತರವನ್ನು ಬಲ್ಲ ಜನರಿಗೆ ಕಾಗಿಣಾ ಕೇವಲ ನೀರಡಿಕೆಯ ಪರಿಹಾರವಾಗಿರಲಿಲ್ಲ.

ಈ ನೀರನ್ನು ಮೊತ್ತಮೊದಲು ಯಂತ್ರದ ಕಣ್ಣಿನಿಂದ ನೋಡಿದವರು ರೈಲ್ವೆಯವರು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ ಶಹಾಬಾದ್, ವಾಡಿಗಳನ್ನು ಹಾಯ್ದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಯಿತು. ಅಂದಿನಿಂದ ವಾಡಿ ದೊಡ್ಡ ಜಂಕ್ಷನ್. ಉಗಿಬಂಡಿಗೆ ಕಲ್ಲಿದ್ದಲೆಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯ. ಆ ನೀರು ಗಡಸಾಗಿದ್ದರೆ ಬಾಯ್ಲರಿನ ಕೊಳವೆಗಳ ಮೇಲೆ ಕಲ್ಲಿನ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಷ್ಟೂ ಬೆಂಕಿಯ ಕಾವು ನೀರಿಗೆ ತಲಪುವುದು ಕಷ್ಟ. ಇದ್ದಲು ಹೆಚ್ಚು ಬೇಕು. ಲೋಹ ಅತಿಯಾಗಿ ಕಾದು ಸೋಲುತ್ತದೆ. ಎಂಜಿನ್ನುಗಳನ್ನು ಆಗಾಗ ನಿಲ್ಲಿಸಿ ಬಾಯ್ಲರನ್ನು ತೊಳೆಯುವುದು ಉಗಿಯುಗದ ರೈಲ್ವೆಗಳಲ್ಲೆಲ್ಲ ತಪ್ಪದ ಕೆಲಸವಾಗಿತ್ತು. ಹೆಣ್ಣುಮಕ್ಕಳು ಕೊಡ ಹೊತ್ತು ತೀರಿಸುತ್ತಿದ್ದ ತೊಂದರೆ ಲೆಕ್ಕದ ಪುಸ್ತಕಕ್ಕೆ ಏರಿದ್ದು ಇದ್ದಲಿನ ಖರ್ಚಾಗಿ ಬಂದಾಗ!

ಗಡಸು ನೀರಿಗೆ ಮದ್ದನ್ನು ಪಶ್ಚಿಮದವರು ಆ ವೇಳೆಗೆ ಕಂಡುಹಿಡಿದಿದ್ದರು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ 1841ರಲ್ಲಿ ಹಕ್ಕುಪತ್ರ ಪಡೆದ ವಿಧಾನ ಕೇಳುವುದಕ್ಕೆ ವಿಚಿತ್ರವಾಗಿದೆ. ಸುಣ್ಣದಿಂದ ಗಡಸಾದ ನೀರಿಗೆ ಆತ ಇನ್ನಷ್ಟು ಸುಣ್ಣವನ್ನೇ ಹಾಕಿದ. ಹಾಕಿದ ಸುಣ್ಣ ನೀರಿನೊಳಗಿನ ಇಂಗಾಲಾಮ್ಲವನ್ನು ಸೆಳೆದುಕೊಳ್ಳುತ್ತಲೇ, ಅದರ ಆಸರೆಯಲ್ಲಿ ಕರಗಿದ್ದ ಕಲ್ಲು ತಳಕ್ಕೆ ಬಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದೆಂದರೆ ಇದೇ. ಆಮೇಲೆ ಸುಣ್ಣದ ಜೊತೆಗೆ ಸೋಡಾ ಸೇರಿಸಿ ಶಾಶ್ವತ ಗಡಸುತನವನ್ನೂ ಇಳಿಸಿದರು. ನಮ್ಮ ಅಡುಗೆಮನೆಗಳ ಚಿಟಿಕೆ ಸೋಡಾ ಇದೇ ವಿದ್ಯೆಯ ಬಡ ಬಂಧು.

ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿನ ಭಾಗ್ಯ ಬದಲಾಯಿತು. ನಿಜಾಮರ ಕಾಲದಲ್ಲಿಯೇ ಶಹಾಬಾದಿನಲ್ಲಿ ಸಿಮೆಂಟ್ ಕಂಪನಿ ನಡೆಯಿತು. 1936ರಲ್ಲಿ ಹಲವು ಕಂಪನಿಗಳು ಒಂದುಗೂಡಿ ಎ.ಸಿ.ಸಿ. ಆದಾಗ ಅದೂ ಅದರಲ್ಲಿ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ ಬಂತು. 1980ರ ದಶಕದಲ್ಲಿ ಮಳಖೇಡದಲ್ಲಿಯೂ ಸೇಡಂನಲ್ಲಿಯೂ ದೊಡ್ಡ ಕಾರ್ಖಾನೆಗಳು ಎದ್ದುವು. ನೃಪತುಂಗನ ರಾಜಧಾನಿಯ ಹೆಸರನ್ನು ಹೊರಗಿನವರು ಸಿಮೆಂಟಿನ ಊರೆಂದು ಕೇಳುವಂತಾಯಿತು. ಸಿಮೆಂಟ್ ಮಾಡುವುದೆಂದರೆ ಸುಣ್ಣಕಲ್ಲನ್ನು ಸುಟ್ಟು ಅದರ ಇಂಗಾಲಾಮ್ಲವನ್ನು ಓಡಿಸುವುದು. ಮಳೆ ಆ ಅನಿಲವನ್ನು ಕೊಟ್ಟು ಕಲ್ಲನ್ನು ಕರಗಿಸುತ್ತದೆ. ಭಟ್ಟಿ ಅದನ್ನು ಕಿತ್ತುಕೊಂಡು ಕಲ್ಲನ್ನು ಪುಡಿಯಾಗಿಸುತ್ತದೆ. ಚೂರ್ಣದಿಂದ ಸುಣ್ಣ ಎಂಬ ತದ್ಭವ ಹುಟ್ಟಿತೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಈ ಸೀಮೆಯಲ್ಲಿ ಆ ಸೂತ್ರ ಕಣ್ಣೆದುರಿಗೆ ನಡೆಯುತ್ತದೆ.

ಕಾರ್ಖಾನೆಗಳೊಡನೆ ಜನ ಬಂದರು, ಊರು ಬೆಳೆಯಿತು, ನೀರು ಸಾಲದಾಯಿತು. 1972ರ ಬರಗಾಲದ ನೆನಪುಳ್ಳವರಿಗೆ ತೋಡುಬಾವಿಗಳು ಬತ್ತಿದುದು ಗೊತ್ತು. ಆಮೇಲಿನ ದಶಕಗಳಲ್ಲಿ ಕೊಳವೆಬಾವಿ ಮನೆಮಾತಾಯಿತು. ಆಳಕ್ಕೆ ಇಳಿದಷ್ಟೂ ನೀರು ಕಲ್ಲಿನೊಡನೆ ಕಳೆದ ಕಾಲ ಹೆಚ್ಚು; ಕರಗಿಸಿಕೊಂಡ ಲವಣವೂ ಸಾಮಾನ್ಯವಾಗಿ ಹೆಚ್ಚು. ಅದೇ ಹೊತ್ತಿಗೆ ಮನೆಗಳಲ್ಲಿ ಗೀಸರ್, ಬಟ್ಟೆ ಒಗೆಯುವ ಯಂತ್ರ, ಹೊಳೆಯುವ ನಲ್ಲಿಗಳು ಸೇರಿದುವು. ಹಂಡೆಯ ಪೊರೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಹುದಿತ್ತು. ಗೀಸರಿನ ಹೊಟ್ಟೆಯೊಳಗೆ ಕೈ ಹೋಗುವುದಿಲ್ಲ. ವಾಡಿಯ ಉಗಿಬಂಡಿಯ ರೋಗ ನೂರು ವರ್ಷಗಳ ತರುವಾಯ ಹೀಗೆ ಮನೆಯ ಬಚ್ಚಲಿಗೆ ಬಂತು. ಉಗಿಬಂಡಿಗಳು ಮೂಲೆ ಸೇರಿದುವು, ರೋಗ ಉಳಿಯಿತು.

ಮನೆಗೆ ಬಂದಿರುವ ಈ ಹೊಸ ಉಪಕರಣದ ಮೂಲವಿರುವುದು ಹೊಲದ ಮಣ್ಣಿನಲ್ಲಿ. ಇಂಗ್ಲೆಂಡಿನ ಜಮೀನುದಾರ ಥಾಮ್ಸನ್ ಮತ್ತು ರಸಾಯನಜ್ಞ ವೇ ಇವರಿಬ್ಬರೂ 1850ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಗೊಬ್ಬರದ ಅಮೋನಿಯಾ ಲವಣದ ನೀರನ್ನು ಮಣ್ಣಿನ ಮೂಲಕ ಸೋಸಿದರೆ ಮಣ್ಣು ಅಮೋನಿಯಾವನ್ನು ಹಿಡಿದಿಟ್ಟುಕೊಂಡು ಅದರ ಬದಲಿಗೆ ಸುಣ್ಣವನ್ನು ಬಿಟ್ಟುಕೊಡುತ್ತದೆ. ಒಂದನ್ನು ಕೊಂಡು ಇನ್ನೊಂದನ್ನು ಕೊಡುವ ಈ ವಿನಿಮಯ ಗುಣವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ನೀರನ್ನು ಮೆದುಮಾಡಲು ಬಳಸಿದ. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಇದೇ ಗುಣವುಳ್ಳ ಕೃತಕ ರಾಳವನ್ನು ತಯಾರಿಸಿದರು. ಇಂದಿನ ಪಾತ್ರೆಯೊಳಗೆ ಸಾಸಿವೆಗಿಂತ ಸಣ್ಣದಾದ ಅಂಥ ರಾಳದ ಮಣಿಗಳು ತುಂಬಿರುತ್ತವೆ. ಪ್ರತಿ ಮಣಿಯೂ ಸೋಡಿಯಂ ಹೊತ್ತು ಕುಳಿತಿರುತ್ತದೆ. ಗಡಸು ನೀರು ಹಾಯ್ದಾಗ ಮಣಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದು ಸೋಡಿಯಂ ಅನ್ನು ನೀರಿಗೆ ಬಿಡುತ್ತದೆ. ಮಣಿಗಳೆಲ್ಲ ಸುಣ್ಣದಿಂದ ತುಂಬಿದ ಮೇಲೆ ಗಟ್ಟಿ ಉಪ್ಪುನೀರನ್ನು ಹಾಯಿಸಿ ತೊಳೆದರೆ ಅವು ಮತ್ತೆ ಸೋಡಿಯಂ ಹೊತ್ತು ಸಿದ್ಧವಾಗುತ್ತವೆ. ತೊಳೆದ ನೀರು ಸುಣ್ಣವನ್ನೂ ಮಿಕ್ಕ ಉಪ್ಪನ್ನೂ ಹೊತ್ತು ಹೊರಗೆ ಹೋಗುತ್ತದೆ.

ಸೇಡಂನ ನಮ್ಮ ಮನೆಯಲ್ಲಿ ಇದನ್ನು ಕೂಡಿಸಿ ಒಂದು ವರ್ಷವಾಯಿತು. ಮಗ, ಸೊಸೆ ಬಹಳ ದಿನಗಳಿಂದ ಕೇಳುತ್ತಿದ್ದರು. ಎರಡು ವರ್ಷಗಳಲ್ಲಿ ಗೀಸರಿನ ಕಾಯುವ ಸುರುಳಿ ಎರಡು ಸಲ ಸುಟ್ಟುಹೋಗಿತ್ತು. ಮೊದಲು ನೀರನ್ನು ಪರೀಕ್ಷೆ ಮಾಡಿಸಿದೆವು. ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮದಂತೆ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬೇಕು. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಕೊಳವೆಬಾವಿ ಮೊದಲನೆಯ ಮಿತಿಯನ್ನು ಬಹಳ ಹಿಂದೆ ಹಾಕಿತ್ತು. ಕೂಡಿಸುವವನು ಬಂದು ತೊಟ್ಟಿಯಿಂದ ಇಳಿಯುವ ಮುಖ್ಯ ಕೊಳವೆಗೇ ಜೋಡಿಸಿ ಮನೆಯ ಎಲ್ಲ ನಲ್ಲಿಗಳಿಗೂ ಮೆದು ನೀರು ಕೊಡುವೆನೆಂದ. ತೊಳೆದ ನೀರನ್ನು ಹಿತ್ತಲಿಗೆ ಬಿಟ್ಟರಾಯಿತೆಂದ.

ಪಕ್ಕದ ಮನೆಯ ಆಯಿ ಗೋಡೆಯಾಚೆ ನಿಂತು ಉಪ್ಪಿನ ಚೀಲಗಳನ್ನು ಎಣಿಸುತ್ತಿದ್ದರು. ಅವರದು ಹಳೆಯ ತೋಡುಬಾವಿ. ಅದು ನಮ್ಮ ಹಿತ್ತಿಲಿಗಿಂತ ತಗ್ಗಿನಲ್ಲಿದೆ. “ಮಾಸ್ತರ್ರ, ಇಷ್ಟು ಉಪ್ಪು ಎಲ್ಲಿಗಿ ಹೋಗತದ?” ಎಂದು ಕೇಳಿದರು. ಯಂತ್ರದ ಜೊತೆಗೆ ಬಂದ ಪುಸ್ತಿಕೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆ.

ಗಡಸುತನ 600 ಇರುವ ನೀರನ್ನು ಒಂದು ಮನೆ ದಿನಕ್ಕೆ 500 ಲೀಟರ್ ಬಳಸಿದರೆ, ಅದರಲ್ಲಿ 300 ಗ್ರಾಂ ಸುಣ್ಣಕಲ್ಲಿನಷ್ಟು ಗಡಸುತನವಿರುತ್ತದೆ. ಅದನ್ನು ತೆಗೆಯಲು ರಸಾಯನಶಾಸ್ತ್ರದ ಲೆಕ್ಕದಲ್ಲಿ ಸುಮಾರು 350 ಗ್ರಾಂ ಉಪ್ಪು ಬೇಕು. ವ್ಯವಹಾರದಲ್ಲಿ ಅದರ ಎರಡರಷ್ಟಾದರೂ ಬೇಕು. ಅಂದರೆ ದಿನಕ್ಕೆ 700 ಗ್ರಾಂ, ವರ್ಷಕ್ಕೆ ಸುಮಾರು 250 ಕಿಲೋ. ನೂರು ಮನೆಗಳ ಓಣಿಯಾದರೆ ವರ್ಷಕ್ಕೆ 25 ಟನ್. ಸುಣ್ಣ ಕಾಯಿಸಿದರೆ ಕೆಳಗೆ ಬೀಳುತ್ತದೆ. ಉಪ್ಪು ಹಾಗೆ ಬೀಳುವುದಿಲ್ಲ. ಒಮ್ಮೆ ಬಾವಿಗೆ ಇಳಿದರೆ ಅದನ್ನು ತೆಗೆಯುವ ಸುಲಭೋಪಾಯ ಯಾವ ಮನೆಯಲ್ಲೂ ಇಲ್ಲ. ನಮ್ಮ ಗಡಸು ನೀರನ್ನು ಮೆದುಮಾಡಿಕೊಂಡು ಆಯಿಯ ಸೀನೀರನ್ನು ಉಪ್ಪು ನೀರು ಮಾಡುವುದು ಯಾವ ನ್ಯಾಯ?

ಹಿತ್ತಲಿಗೆ ಬಿಡುವುದಂತೂ ಇನ್ನೂ ಕೆಟ್ಟದ್ದು. ನಮ್ಮದು ಎರೆಮಣ್ಣು. ವಿನಿಮಯದ ಗುಣ ಎರೆಮಣ್ಣಿನಲ್ಲಿ ಇರುವಷ್ಟು ಬೇರೆ ಮಣ್ಣುಗಳಲ್ಲಿ ವಿರಳ. ಸುಣ್ಣವನ್ನು ಹಿಡಿದಿರುವ ತನಕ ಆ ಮಣ್ಣು ಹರಳು ಹರಳಾಗಿ, ನೀರು ಕುಡಿಯುವಂತೆ ಸಡಿಲವಾಗಿರುತ್ತದೆ. ಸೋಡಿಯಂ ಹೆಚ್ಚಾದ ನೀರು ಸತತವಾಗಿ ಬಿದ್ದರೆ ಮಣ್ಣು ಸುಣ್ಣವನ್ನು ಬಿಟ್ಟು ಸೋಡಿಯಂ ಹಿಡಿಯುತ್ತದೆ. ಆಗ ಅದರ ಕಣಗಳು ಬಿಡಿಬಿಡಿಯಾಗಿ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಇಂಗದು, ಒಣಗಿದರೆ ಬಂಡೆಯಾಗುತ್ತದೆ. ಸವಳು ಹಿಡಿದ ಹೊಲವನ್ನು ಕಂಡ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕೆ ಅವರು ಮಾಡುವ ಉಪಚಾರ ಜಿಪ್ಸಂ ಹಾಕುವುದು, ಅಂದರೆ ಸುಣ್ಣದ ಅಂಶವನ್ನು ಹಣ ಕೊಟ್ಟು ತಂದು ಮಣ್ಣಿಗೆ ಹಿಂದಿರುಗಿಸುವುದು. ಪಾತ್ರೆಯೊಳಗಿನ ರಾಳವೂ ಹೊರಗಿನ ಎರೆಮಣ್ಣೂ ಒಂದೇ ಧರ್ಮದವು. ಒಳಗೆ ನಾವು ಬಯಸುವ ವಿನಿಮಯವೇ ಹೊರಗೆ ನಡೆದರೆ ಹೊಲ ಹಾಳು.

ಕುಡಿಯುವ ನೀರಿನ ಪ್ರಶ್ನೆ ಇದರಿಂದ ಬೇರೆಯಾದುದು. ಗಡಸು ನೀರಿನಿಂದ ಮೂತ್ರಕೋಶದಲ್ಲಿ ಕಲ್ಲಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದೊಂದೇ ಕಾರಣವೆಂದು ಸಿದ್ಧವಾಗಿಲ್ಲ. ಬಿಸಿಲಿನ ಸೀಮೆಯಲ್ಲಿ ಸಾಕಷ್ಟು ನೀರು ಕುಡಿಯದಿರುವುದೇ ಹೆಚ್ಚು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ವಿಧಿಸಿಲ್ಲ. ಮೆದುಮಾಡಿದ ನೀರಿನಲ್ಲಾದರೋ ಗಡಸುತನ 100 ಇಳಿದಾಗಲೆಲ್ಲ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಏರುತ್ತದೆ. 600 ಇಳಿಸಿದರೆ 276. ರಕ್ತದೊತ್ತಡ ಇರುವವರ ಮನೆಯಲ್ಲಿ ಇದು ಯೋಚಿಸಬೇಕಾದ ಮಾತು. ಇನ್ನೂ ಒಂದು ಭ್ರಮೆಯನ್ನು ಬಿಡಿಸಬೇಕು. ಈ ಉಪಕರಣ ಫ್ಲೋರೈಡನ್ನು ತೆಗೆಯುವುದಿಲ್ಲ, ನೈಟ್ರೇಟನ್ನು ತೆಗೆಯುವುದಿಲ್ಲ, ರೋಗಾಣುಗಳನ್ನು ಕೊಲ್ಲುವುದಿಲ್ಲ. ಸಾಬೂನು ನೊರೆಗಟ್ಟಿತೆಂದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯಬಾರದು.

ಇಷ್ಟನ್ನೆಲ್ಲ ಮನೆಯವರೊಡನೆ ಕುಳಿತು ಮಾತಾಡಿದೆವು. ಕೊನೆಗೆ ಉಪಕರಣವನ್ನು ಸ್ನಾನದ ಮನೆಯ ಮತ್ತು ಬಟ್ಟೆ ಒಗೆಯುವ ಕೊಳವೆಗೆ ಮಾತ್ರ ಜೋಡಿಸಿದೆವು. ಅಡುಗೆಮನೆ, ಪಾಯಖಾನೆ, ಹಿತ್ತಿಲು ಇವಕ್ಕೆ ಹೋಗುವ ಕೊಳವೆಗಳು ಅದಕ್ಕಿಂತ ಮೊದಲೇ ಕವಲೊಡೆಯುತ್ತವೆ. 500 ಲೀಟರಿನ ಬದಲು 200 ಲೀಟರ್ ಮೆದುವಾದರೆ ಸಾಕಾಯಿತು. ಉಪ್ಪು ವರ್ಷಕ್ಕೆ 250 ಕಿಲೋ ಎಂದಿದ್ದುದು ಲೆಕ್ಕದ ಮೇಲೆ ನೂರಕ್ಕೆ ಇಳಿಯುತ್ತದೆ. ಮಣಿಗಳನ್ನು ತೊಳೆಯುವುದನ್ನು ದಿನದ ಗಡುವಿಗೆ ಬಿಡದೆ, ಹರಿದ ನೀರಿನ ಅಳತೆಗೆ ಕಟ್ಟಿದೆವು. ತೊಳೆದ ನೀರು ಹಿತ್ತಲಿಗೆ ಇಳಿಯದೆ ಪುರಸಭೆಯ ಕಟ್ಟಿದ ಚರಂಡಿಗೆ ಹೋಗುತ್ತದೆ. ಅಲ್ಲಿಂದ ಅದು ಹೊಳೆಯನ್ನೇ ಸೇರಬೇಕು. ಆಯಿಯ ಬಾವಿ ಉಳಿಯಿತು. ಕಾಗಿಣಾಕ್ಕೆ ನಮ್ಮ ಪಾಲಿನ ಉಪ್ಪು ಹೋಗುತ್ತಲೇ ಇದೆ. ಪೂರ್ತಿಯಾಗಿ ಶುದ್ಧವಾದ ದಾರಿ ಇದರಲ್ಲಿಲ್ಲ. ಕಡಿಮೆ ಮಾಡುವ ದಾರಿಯುಂಟು.

ಬೇಳೆಗೆ ಏನು ಮಾಡಿದೆವು? ಮಳೆಯ ನೀರು. ಮಾಳಿಗೆಯ ನೀರನ್ನು ಮರಳು, ಇದ್ದಲುಗಳಲ್ಲಿ ಸೋಸಿ ನೆಲದೊಳಗಿನ ತೊಟ್ಟಿಗೆ ಇಳಿಸಿದೆವು. ಕಲ್ಲನ್ನು ಇನ್ನೂ ಮುಟ್ಟದ ನೀರು ಅದು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ತೊಟ್ಟಿಯನ್ನು ಮುಚ್ಚಿಟ್ಟು, ಕಾಯಿಸಿ ಬಳಸಿದರೆ ಅಡುಗೆಗೆ ಅದರಷ್ಟು ಮೆದುವಾದ ನೀರು ಬೇರೊಂದಿಲ್ಲ. ಒಂದು ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಎರಡು ಸಾವಿರ ಲೀಟರಿಗೂ ಮಿಗಿಲಾದ ನೀರಾಗುತ್ತದೆ. ದಿನದ ಅಡುಗೆಗೆ 15 ಲೀಟರ್ ಎಂದು ಹಿಡಿದರೆ ಅದು ನಾಲ್ಕು ತಿಂಗಳಿನ ಬೇಳೆಯ ಚಿಂತೆಯನ್ನು ಕಳೆಯುತ್ತದೆ. ಉಪ್ಪೂ ಬೇಡ, ರಾಳವೂ ಬೇಡ.

ಒಂದು ಮನೆಯ ಏರ್ಪಾಡು ಊರಿನ ಏರ್ಪಾಡಾಗಲಾರದು ಎಂಬುದನ್ನು ಬಲ್ಲೆ. ಹಣವಿದ್ದವರು ಯಂತ್ರ ಕೊಳ್ಳುತ್ತಾರೆ, ಇಲ್ಲದವರು ಯಂತ್ರದ ಉಪ್ಪನ್ನು ಬಾವಿಯಲ್ಲಿ ಕುಡಿಯುತ್ತಾರೆ ಎಂಬ ಸ್ಥಿತಿ ಬರಬಾರದು. ಅದನ್ನು ತಡೆಯಲು ಮೊದಲು ತಿಳಿಯಬೇಕಾದುದು ಯಾವ ಬಾವಿಯಲ್ಲಿ ಎಂಥ ನೀರಿದೆ ಎಂಬುದು. ಯಾವ ಸಿಮೆಂಟ್ ಕಾರ್ಖಾನೆಯೂ ತನ್ನ ಕಲ್ಲಿನ ಸುಣ್ಣದ ಪ್ರಮಾಣವನ್ನು ಅಳೆಯದೆ ಅದನ್ನು ಭಟ್ಟಿಗೆ ಹಾಕುವುದಿಲ್ಲ. ಅದೇ ಕಲ್ಲು ಕರಗಿದ ನೀರನ್ನು ಅಳೆಯದೆ ಮಕ್ಕಳಿಗೆ ಕುಡಿಸುವುದು ಮಾತ್ರ ನಡೆದುಕೊಂಡು ಬಂದಿದೆ. ನೀರಿನ ಗಡಸುತನವನ್ನು ಅಳೆಯುವುದು ಕಾಲೇಜುಗಳ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಮಾಡುವ ಸಾಮಾನ್ಯ ಅಭ್ಯಾಸ. ಒಂದು ಬ್ಯುರೆಟ್ಟು, ಒಂದು ಸೀಸೆ ಇ.ಡಿ.ಟಿ.ಎ. ದ್ರಾವಣ, ಬಣ್ಣ ತೋರಿಸುವ ನಾಲ್ಕು ಹನಿ ಸೂಚಕ ಇದ್ದರಾಯಿತು. ಪ್ರಯೋಗಶಾಲೆಯ ನಲ್ಲಿಯ ನೀರನ್ನೇ ವರ್ಷವರ್ಷವೂ ಅಳೆಯುವ ಬದಲು, ಅವರು ತಮ್ಮ ತಮ್ಮ ಊರಿನ ಬಾವಿಗಳ ನೀರನ್ನು ತಂದು ಅಳೆಯಲಿ. ಬೇಸಗೆಯಲ್ಲೊಮ್ಮೆ, ಮಳೆ ಕಳೆದ ಮೇಲೊಮ್ಮೆ ಅಳೆದು, ಬಂದ ಅಂಕಿಯನ್ನು ಬಾವಿಯ ಕಟ್ಟೆಯ ಮೇಲೆ ಸುಣ್ಣದಿಂದಲೇ ಬರೆಯಲಿ. ಹಿಂದಿನವರು ನಾಲಗೆಯನ್ನು ನಂಬಿ ಸೀನೀರ ಬಾವಿಯೆಂದು ಹೆಸರಿಟ್ಟು ಹೋದರು. ಆ ಹೆಸರಿನ ಪಕ್ಕಕ್ಕೆ ಒಂದು ಅಂಕಿ ಸೇರಿಸುವ ಕೆಲಸ ನಮಗೆ ಉಳಿದಿದೆ.